ಬಾಜು ಮನಿ ಬಿಳಿ ಕುರ್ಮಾ

ವಯಸ್ಸಾದ ಮ್ಯಾಲ ಹಲ್ಲ ಹೋಗ್ತಾವ, ಕಣ್ಣ ಮಂಜಾಗ್ತಾವ, ಮಣಕಾಲ ಹೇಳಿದ ಮಾತ ಕೇಳೂದಿಲ್ಲ. ಆದ್ರ ಹೊಟ್ಟಿಕಿಚ್ಚ ಅಂತ ಒಂದ ಅದ ನೋಡ್ರಿ, ಅದು ಮಾತ್ರ ಹರೇದಾಗಿದ್ದಂಗ ಎದ್ದ ಕುಂತಿರ್ತದ. ನಂಗಂತೂ ಆಗಾಗ ಯಾರದರ ಮ್ಯಾಲ ಬರ್ತಾನ ಇರ್ತದ. ಒಮ್ಮೆ ಅತನೂರಿನ ಒಬ್ಬ ಗೌಡ್ರ ಎಮ್ಮಿ ಮ್ಯಾಲ ಬಂದಿತ್ತು, ಒಮ್ಮೆ ನಮ್ಮ ಬಸ್ಸಿನ ಡ್ರೈವರನ ಮೀಸಿ ಮ್ಯಾಲ ಬಂದಿತ್ತು. ಈ ಸಲ ಬಂದದ್ದು ಒಂದ ಪಲ್ಯಾದ ಮ್ಯಾಲ. ಅದೂ ಖಾರಾನ ಇಲ್ಲದ ಪಲ್ಯಾದ ಮ್ಯಾಲ.

ಗ್ವಾಡಿ ದಾಟಿ ಬಂದದ್ದು

ನಾ ಸರಕಾರಿ ಬಸ್ಸಿನ್ಯಾಗ ಕಂಡಕ್ಟರ್ ಇದ್ದೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರ ಊರ ನಡುವ ಎಷ್ಟ ತಿರಗೇನಿ ಅಂದ್ರ, ಅಷ್ಟ ದಾರಿ ನೆಟ್ಟಗ ಮ್ಯಾಲ ಹೋಗಿದ್ರ ಚಂದ್ರನ ಮ್ಯಾಲ ಇಳದು, ಚಾ ಕುಡದು, ತಿರಗಿ ಬರ್ತಿದ್ದೆ. ಈಗ ರಿಟೈರ್ ಆಗಿ ಅಫಜಲಪುರದಾಗ ನಾನೂ ನಮ್ಮಾಕಿನೂ ಇಬ್ಬರ ಇದ್ದೇವಿ. ಮಗಳನ್ನ ಜೇವರ್ಗಿಗೆ ಕೊಟ್ಟೇವಿ.

ಬಾಜು ಮನ್ಯಾಗ ಒಬ್ಬ ಮಾಸ್ತರ ಇದ್ದಾನ. ಉರ್ದು ಸಾಲಿ ಮಾಸ್ತರ, ಅವನೂ ರಿಟೈರ್. ಹರೇದಾಗ ಮಣ್ಣೂರಾಗ ಒಬ್ಬನ ಇದ್ದು ನೌಕರಿ ಮಾಡ್ಯಾನ, ಅಡಗಿ ಆವಾಗ ಕಲತಾನ. ಈಗ ಅವನ ಹೆಣ್ತಿಗೆ ಮಣಕಾಲ ನೋವು ಬಂದು ಕುರ್ಚಿ ಹಿಡದಾಳ, ಅಡಗಿ ಪೂರಾ ಇವಂದ. ನಾವು ಕಾಯಿಪಲ್ಯಾ ಉಣ್ಣೋ ಮಂದಿ ಅಂತ ನಮ್ಮ ಮನಿ ಸಲುವಾಗಿ ಒಂದ ಬ್ಯಾರೆ ಸ್ಟೀಲಿನ ಬಟ್ಲಾ ತಂದ ಇಟ್ಟಾನ. ಇಷ್ಟ ಛಲೋ ಮನಿಷ್ಯಾ ಬಾಜು ಮನ್ಯಾಗ ಇದ್ರ ಯಾರಿಗರ ನಿದ್ದಿ ಹತ್ತತದೇನ್ರಿ?

ಒಂದಿನ ಆ ಬಟ್ಲಾ ಎರಡೂ ಮನಿ ನಡುವಿನ ಗ್ವಾಡಿ ಮ್ಯಾಲಿಂದ ಬಂತು. ಒಳಗ ಬಟಾಟಿ, ಗಜ್ಜರಿ, ಬಟಾಣಿ, ಎಲ್ಲಾ ಬೆಳ್ಳಗ ಒಂದ ರಸದಾಗ ಮಲಗಿದ್ವು. ಕುರ್ಮಾ ಅಂತ. ನಮ್ಮ ಕಡಿ ಪಲ್ಯಾ ಅಂದ್ರ ಕೆಂಪ ಇರಬೇಕ್ರಿ. ಕೆಂಪ ಇಲ್ಲಂದ್ರ ಅದು ಪಲ್ಯಾ ಅಲ್ಲ, ಪಲ್ಯಾದ ತಯಾರಿ. ನಾ ನಕ್ಕೆ. ಮಾಸ್ತರ ಖಾರ ಹಾಕೂದ ಮರತಾನ, ವಯಸ್ಸಾತು ಅಂದೆ.

ನಮ್ಮಾಕಿ ಬಗ್ಗೆ ಇಲ್ಲೊಂದ ಮಾತ ಹೇಳಬೇಕು. ಮದಿವ್ಯಾದಾಗಿಂದ ಇವತ್ತಿನ ತನಕ ಆಕಿ ಯಾವುದನ್ನೂ ಚಂದ ಅದ ಅಂದಿಲ್ಲ. ಗೋಳಗುಮ್ಮಟಕ್ಕ ಕರಕೊಂಡ ಹೋದ್ರ ಸುತ್ತ ನೋಡಿ, "ಕಸ ಹೊಡಿಯೂದ ಭಾಳ ತ್ರಾಸ ಅದ" ಅಂದ್ಳು. ನಾ ರಿಟೈರ್ ಆದ ದಿನ ಕೊಳ್ಳಾಗ ಹಾರ ಹಾಕ್ಕೊಂಡು ಸಾಹೇಬನಂಗ ಬಾಗಲದಾಗ ನಿಂತ್ರ, ಹಾರದಾಗಿನ ಹೂವ ಬಾಡ್ಯಾವ ಅಂದ್ಳು. ಅಂಥಾಕಿ ಈ ಬಿಳಿ ಕುರ್ಮಾದಾಗ ಒಂದ ತುತ್ತ ರೊಟ್ಟಿ ಅದ್ದಿ ಬಾಯಾಗ ಇಟ್ಕೊಂಡ್ಳು. ಇನ್ನೊಂದ ತುತ್ತ ತಿಂದ್ಳು. ಆಮ್ಯಾಲ ಗ್ವಾಡಿ ಕಡಿ ನೋಡಿ, "ಛಲೋ ಆಗೇದ" ಅಂದ್ಳು.

ನನ್ನ ಕೈಯಾಗಿನ ರೊಟ್ಟಿ ಕೆಳಗ ಬಿತ್ತು. ಇಷ್ಟ ವರ್ಷ ನಾ ಕಾದದ್ದ ಆ ಮಾತಿಗೆ. ಅದು ನನ್ನ ಮನ್ಯಾಗ, ನನ್ನ ಹೆಣ್ತಿ ಬಾಯಿಂದ ಹೊಂಟು, ಸೀದಾ ಬಾಜು ಮನಿಗೆ ಹೋತು. ಸಾಲದ್ದಕ್ಕ ಆಕಿ, ಪಾಪ ಹೆಣ್ತಿಗೆ ಮಣಕಾಲ ನೋವಂತ ಮಾಸ್ತರು ತಾವೇ ಅಡಗಿ ಮಾಡ್ತಾರ ಅಂತ ಹೇಳಿ, ನನ್ನ ಮಾರಿ ನೋಡಿ ಉಸುರ ಬಿಟ್ಳು. ಒಂದ ಮೆಣಸಿನಕಾಯಿ ಇಲ್ಲದ ಪಲ್ಯಾದಿಂದ ಅಷ್ಟ ಉರದಾವ ಈ ಜಿಲ್ಲಾದಾಗ ನಾ ಒಬ್ಬನ ಇರಬೇಕು.

ಖಾಲಿ ಬಟ್ಲಾ ತಿರಗಿ ಹೋಗೂದಿಲ್ಲ

ನಮ್ಮ ಕಡಿ ಮಂದಿ ಮನಿಯಿಂದ ಬಂದ ಬಟ್ಲಾ ಖಾಲಿ ತಿರಗಿ ಕೊಡಬಾರದು. ಏನರ ಹಾಕೇ ಕೊಡಬೇಕು. ನಾ ಅಂದೆ, ಒಂದ ಚಿಮಟಿ ಸಕ್ಕರಿ ಹಾಕಿ ಕೊಡು, ಪದ್ಧತಿ ಮುಗೀತದ ಅಂತ. ಆಕಿ ಕೇಳಲಿಲ್ಲ. ಶೇಂಗಾದ ಹೋಳಗಿ ಮಾಡಾಕ ಕುಂತ್ಳು. ಶೇಂಗಾದ ಹೋಳಗಿ ಅಂದ್ರ ನಂಗ ಜೀವ. ಆದ್ರ ಅದು ನಮ್ಮ ಮನ್ಯಾಗ ಹಬ್ಬಕ್ಕ ಬಿಟ್ರ ಆಗೂದಿಲ್ಲ. ಸುಮ್ಮನ ಕೇಳಿದ್ರ ಸಕ್ಕರಿ ಬ್ಯಾನಿ ಬರ್ತದ ಅಂತಾಳ. ಮಾಸ್ತರಗ ಬ್ಯಾನಿ ಬರೂದಿಲ್ಲೇನು ಅಂತ ಕೇಳ್ದೆ. "ಅವರು ಮುಂಜಾನೆದ್ದು ತಿರಗ್ಯಾಡ್ತಾರ" ಅಂದ್ಳು.

ನಾ ಏನರ ಮಾಡಬೇಕಲ್ರಿ. ಮುಂದಿನ ಸಲ ಕುರ್ಮಾ ಬಂದಾಗ, ಉಂಡ ಮ್ಯಾಲ ಆ ಬಟ್ಲಾ ತೊಳದು, ಒರಸಿ, ಜ್ವಾಳದ ಚೀಲದ ತಳದಾಗ ಮುಚ್ಚಿ ಇಟ್ಟೆ. ಬಟ್ಲಾ ಇಲ್ಲಂದ್ರ ಹೋಳಗಿ ಹೋಗೂದಿಲ್ಲ, ಹೋಳಗಿ ಹೋಗಲಿಲ್ಲಂದ್ರ ಕುರ್ಮಾ ಬರೂದಿಲ್ಲ. ನನ್ನ ಲೆಕ್ಕ ಹಂಗ ಇತ್ತು. ನಮ್ಮಾಕಿ ಮನಿ ತುಂಬ ಹುಡಕಿ ಮಾರಿ ಸಣ್ಣದ ಮಾಡ್ಕೊಂಡು, ಗ್ವಾಡಿ ಹತ್ತಿರ ಹೋಗಿ, ಬಟ್ಲಾ ಎಲ್ಲೋ ತಪ್ಪೇದ ಅಂತ ಮಾಸ್ತರಗ ಹೇಳಿದ್ಳು.

ಮಾಸ್ತರ ಹಾ ಹಾ ಅಂತ ನಕ್ಕಾನ. "ಇರಲಿ ಬಿಡ್ರಿ ಭಾಬಿ. ಅದು ಮೊದಲೇ ಸಣ್ಣದಿತ್ತು" ಅಂದಾನ. ಮರುದಿನ ಬಂದದ್ದು ಬಟ್ಲಾ ಅಲ್ಲ, ಡಬರಿ. ಗ್ವಾಡಿ ಮ್ಯಾಲ ಇಟ್ರ ಗ್ವಾಡಿನ ಬಾಗೂವಂಥಾ ಡಬರಿ. ಅದರಾಗ ನಮ್ಮ ಹಳೇ ಡ್ರೈವರನ್ನ ಕುಂದರಿಸಿ ನೀರ ಹಾಕಬಹುದಿತ್ತು. ಇನ್ನ ಅದನ್ನ ತುಂಬಿ ಕೊಡಬೇಕಲ್ಲ. ನಮ್ಮಾಕಿ ಮುಂಜಾನಿಂದ ಸಂಜಿ ತನಕ ಹೋಳಗಿ ಲಟ್ಟಿಸಿದ್ಳು. ಶೇಂಗಾ ಹುರದು, ಸಿಪ್ಪಿ ಹಾರಿಸಿ, ಬೆಲ್ಲ ಕುಟ್ಟಿ ಕೊಟ್ಟಾವ ನಾನ.

ಕಸಕಸಿ

ಇನ್ನ ಸುಮ್ಮ ಕುಂತ್ರ ಆಗೂದಿಲ್ಲ ಅಂತ, ನಾನ ಕುರ್ಮಾ ಮಾಡ್ತೇನಿ, ಆ ಒಂದ ಮಾತ ಇಕಿ ಬಾಯಿಂದ ನನ್ನ ಅಡಗಿಗೆ ಅನಸೇ ಬಿಡ್ತೇನಿ ಅಂತ ನಿಶ್ಚಯ ಮಾಡ್ದೆ. ಆದ್ರ ಮಾಡೂದ ಹ್ಯಾಂಗ? ಮಾಸ್ತರನ್ನ ಮಾತಿಗೆ ಎಳದು, ಹಗರಕ ಬಾಯಿ ಬಿಡಿಸಬೇಕಂತ ಹೋದೆ. ಹವಾಮಾನ ಮಾತಾಡ್ದೆ, ತೊಗರಿ ಧಾರಣಿ ಮಾತಾಡ್ದೆ, ನರೋಣಾದ ರಸ್ತಾ ಮಾತಾಡ್ದೆ. ಕುರ್ಮಾದ ಕಡಿ ಹೊಳ್ಳೂದರಾಗ ಆ ಪುಣ್ಯಾತ್ಮಾನ ಕೇಳಿದ, ನಿಮಗ ಕುರ್ಮಾ ಕಲಸ್ಲೇನ್ರಿ ಕಂಡಕ್ಟರ್ ಸಾಹೇಬ್ರ ಅಂತ.

ಕೇಳ್ರಿ, ಎಲ್ಲಾ ಹೇಳಿದ. ಕಾಜು, ಪಾಯಸಕ್ಕ ಹಾಕೋ ಕಸಕಸಿ, ಎರಡೂ ನೀರಾಗ ನೆನಿ ಇಡ್ರಿ. ಉಳ್ಳಾಗಡ್ಡಿ ಹುರೀಬ್ಯಾಡ್ರಿ, ಕೆಂಪ ಆಗ್ತದ, ಕುದಿಸಿ ರುಬ್ರಿ. ಕೊಬ್ಬರಿ, ಮೊಸರ, ಮ್ಯಾಲ ಹಾಲಿನ ಕೆನಿ. ಮೊಸರ ಹಾಕೋವಾಗ ಉರಿ ಸಣ್ಣ ಮಾಡ್ರಿ, ಇಲ್ಲಂದ್ರ ಒಡೀತದ. ಎರಡ ಹಸಿ ಮೆಣಸಿನಕಾಯಿ ಇಡೀವು ಹಾಕ್ರಿ, ವಾಸನಿ ಬಂತಂದ್ರ ತಗದ ಬಿಡ್ರಿ. ನಾ ದಂಗಾದೆ. ನಮ್ಮ ಮನ್ಯಾಗ ಪಲ್ಯಾದಾಗ ಬಿದ್ದ ಮೆಣಸಿನಕಾಯಿ ಜೀವಂತ ಹೊರಗ ಬಂದದ್ದ ಇಲ್ಲ.

ಹೊಟ್ಟಿಕಿಚ್ಚಿನ ಮನಿಷ್ಯಾ ಪುಕ್ಕಟ ಸಿಕ್ಕದ್ದನ್ನ ನಂಬೂದಿಲ್ಲ. ಇವ ಏನೋ ಒಂದ ಮುಚ್ಚಿಟ್ಟಾನ ಅಂತ, ಮರುದಿನ ಬಸ್ ಹತ್ತಿ ಆಳಂದಕ್ಕ ಹೋದೆ. ಅಲ್ಲಿ ಮದಿವಿ ಅಡಗಿ ಮಾಡೋ ಒಬ್ಬ ಮುದಕ ಬಾವರ್ಚಿ ನಂಗ ಗುರ್ತು. ಅವ ಕುಂತಲ್ಲೇ ಕಣ್ಣ ಮುಚ್ಚಿ ಹೇಳಿದ. ಕಾಜು, ಕಸಕಸಿ, ಕುದಿಸಿದ ಉಳ್ಳಾಗಡ್ಡಿ, ಎಲ್ಲಾ ಮಾಸ್ತರ ಹೇಳಿದ್ದ. ಆವಾಗ ನಂಗ ಖಾತ್ರಿ ಆತು, ಇವರಿಬ್ಬರೂ ಕೂಡ್ಯಾರ.

ಹಂಗಾಗಿ ನನ್ನ ಸ್ವಂತ ಬುದ್ಧಿ ಹಾಕ್ದೆ. ಬೆಳ್ಳಗ ಆಗೂದ ಕಸಕಸಿಯಿಂದ ಅಂದ್ರ, ಕಸಕಸಿ ಇನ್ನಷ್ಟ ಹಾಕಿದ್ರ ಇನ್ನಷ್ಟ ಬೆಳ್ಳಗ ಆಗಬೇಕಲ್ಲ. ಆಳಂದ ಬಜಾರದಾಗಿನ ಕಿರಾಣಿ ಅಂಗಡಿಯಾವ ತೂಗಿ ಕೊಡೋವಾಗ, ಮನ್ಯಾಗ ಯಾರಿಗೆ ನಿದ್ದಿ ಬರವಲ್ದ್ರಿ ಕಾಕಾ ಅಂತ ಕೇಳಿದ. ನಂಗ ಬರವಲ್ದು ಅಂದೆ, ಅದೂ ಖರೇನ ಇತ್ತು.

ಕುರ್ಮಾ ಆತು. ಹಾಲಿನಂಗ ಬೆಳ್ಳಗ ಆಗಿತ್ತು. ನಮ್ಮಾಕಿ ಮಧ್ಯಾಹ್ನ ಉಂಡ್ಳು. ನಾ ಎದುರಿಗೆ ಕುಂತು ಆಕಿ ತುಟಿ ನೋಡಾಕತ್ತೆ. ಆಕಿ ಬಾಯಿ ತಗದ್ಳು. ಹೇಳ್ತಾಳ ಅಂತ ಮುಂದ ಬಗ್ಗಿದೆ. ಆಕಳಿಸಿದ್ಳು. ತಾಟ ಅಲ್ಲೇ ಬಿಟ್ಟು, ಗ್ವಾಡಿಗೆ ಆನಿಕೊಂಡು, ನಿದ್ದಿ ಹೋದ್ಳು. ತಾಟದಾಗ ಉಳದದ್ದು ಒಂದ ಕಾಗಿ ತಿಂತು, ಅದು ಹಾರೂದ ಮರತು ಗ್ವಾಡಿ ಮ್ಯಾಲ ಕುಂತಲ್ಲೇ ತೂಕಡಿಸ್ತು. ನಂಬಲಿಲ್ಲಂದ್ರ ಕಾಗಿನ್ನ ಕೇಳ್ರಿ.

ಆಕಿ ಎದ್ದಾಗ ಹೊತ್ತ ಮುಳಗಾಕತ್ತಿತ್ತು. ಬೆಳಗಾತು ಅಂತ ತಿಳದು, ಅಂಗಳ ಕಸ ಹೊಡದು, ನೀರ ಹೊಡದು, ರಂಗೋಲಿ ಹಾಕಿದ್ಳು. ಮಾಸ್ತರ ಗ್ವಾಡಿ ಆಚಿಂದ ಸಂಜಿ ರಂಗೋಲಿ ನೋಡಿ, ಇವತ್ತ ಏನರ ಹಬ್ಬ ಅದೇನ್ರಿ ಭಾಬಿ ಅಂತ ಕೇಳಿದ. ಆಕಿಗೆ ತಿಳೀಲಿಲ್ಲ. ತಿಳದ ಮ್ಯಾಲ ಆಕಿ ನಂಗ ಅಂದದ್ದರಾಗ ಛಲೋ ಅನ್ನೋ ಶಬ್ದ ಇರಲಿಲ್ಲ.

ಜೇವರ್ಗಿ ಬೀಗ್ರು

ಕಸಕಸಿ ಕಮ್ಮಿ ಮಾಡ್ದೆ. ಉರಿ ಸಣ್ಣ ಮಾಡೂದ ಕಲತೆ. ಮೊಸರ ಒಡಿಯೂದ ನಿಂತಿತು. ಅಷ್ಟರಾಗ ಜೇವರ್ಗಿಯಿಂದ ಬೀಗ್ರು ಬಂದ್ರು, ನಮ್ಮ ಮಗಳ ಮಾವ. ಮಂದಿ ಎದುರಿಗೆ ಬೀಗ್ರು ಹೊಗಳಿದ್ರ ನಮ್ಮಾಕಿ ಹೂಂ ಅನ್ನಲೇ ಬೇಕಾಗ್ತದ ಅಂತ, ಅವತ್ತಿನ ಅಡಗಿ ನಂದು ಅಂತ ಹೇಳಿ ಒಲಿ ಮುಂದ ನಿಂತೆ.

ಬೀಗ್ರು ದೊಡ್ಡ ರೈತರು. ಬಿಳಿ ಜ್ವಾಳದ ರೊಟ್ಟಿ ಮುರದು ಕುರ್ಮಾದಾಗ ಅದ್ದಿ ತಿಂದ್ರು. ಬೀಗರ ಮನ್ಯಾಗ ಊಟಕ್ಕ ಹೆಸರ ಇಡಬಾರದಲ್ಲ. ಕಣ್ಣ ಮಾತ್ರ ತಾಟದ ಸುತ್ತ ತಿರಗಾಕತ್ವು. ಮೊದಲ ಶೇಂಗಾ ಹಿಂಡಿ ತೊಗೊಂಡು ಮ್ಯಾಲ ಉದುರಿಸಿದ್ರು. ಆಮ್ಯಾಲ ಕೆಂಪ ಖಾರ. ಆಮ್ಯಾಲ ಬಳ್ಳೊಳ್ಳಿ ಹಿಂಡಿ. ಆಮ್ಯಾಲ ಒಂದ ಉಳ್ಳಾಗಡ್ಡಿ ಗುದ್ದಿ ಒಡದು ಹಾಕಿದ್ರು. ನನ್ನ ಹಾಲಿನಂಥಾ ಕುರ್ಮಾ ಕಣ್ಣ ಮುಂದ ಕೆಂಪಾಗಿ ಹೋತು. ಅದನ್ನ ಕಲಸಿ ಒಂದ ತುತ್ತ ಉಂಡು, "ಈಗ ಪಲ್ಯಾ ಆತ ನೋಡ್ರಿ ಬೀಗ್ರ" ಅಂದ್ರು.

ಅಷ್ಟಕ್ಕ ಮುಗಿದಿದ್ರ ನಡೀತಿತ್ತು. ಕೈ ತೊಳಕೊಳ್ಳೋವಾಗ ಅವರು ನನ್ನ ಬಾಜುಕ ಕರದು, ದನಿ ಇಳಿಸಿ, ಎಷ್ಟ ದಿನ ಆತ್ರಿ ಅಂತ ಕೇಳಿದ್ರು. ನಾ ಕುರ್ಮಾ ಮಾಡೂದ ಕೇಳ್ತಾರ ಅಂತ ತಿಳದು, ಒಂದ ತಿಂಗಳ ಆಗಿರಬೇಕ್ರಿ ಅಂದೆ. ಅವರು ನನ್ನ ಭುಜದ ಮ್ಯಾಲ ಕೈ ಇಟ್ಟು, ಧೈರ್ಯ ಬಿಡಬ್ಯಾಡ್ರಿ ಅಂತ ಹೇಳಿ ಬಸ್ ಹತ್ತಿದ್ರು.

ನಮ್ಮ ಕಡಿ ಖಾರ ಬಿಟ್ಟಾವ ಅಂದ್ರ ಒಂದೋ ಬಾಣಂತಿ, ಇಲ್ಲಂದ್ರ ಡಾಕ್ಟರ್ ಕೈ ಬಿಟ್ಟ ರೋಗಿ. ನಾ ಬಾಣಂತಿ ಅಲ್ಲ ಅನ್ನೂದ ಎಲ್ಲಾರಿಗೂ ಗೊತ್ತದ. ಮರುದಿನ ಮುಂಜಾನಿ ಜೇವರ್ಗಿ ಬಸ್ಸಿನಿಂದ ಮಂದಿ ಇಳಿಯಾಕ ಸುರು ಆದ್ರು. ಬಾಳಿಹಣ್ಣ, ಬಿಸ್ಕೀಟ್, ಎಳನೀರ, ಗ್ಲೂಕೋಸ್ ಡಬ್ಬಿ. ಒಬ್ಬಾಕಿ ಮುದುಕಿ ಮಠದಿಂದ ವಿಭೂತಿ ತಂದು ನನ್ನ ಹಣಿಗೆ, ಹೊಟ್ಟಿಗೆ ಹಚ್ಚಿದ್ಳು. ನಂಗ ಏನೂ ಆಗಿಲ್ಲ ಅಂದ್ರ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿ, ಪಾಪ ಅವಂಗ ಹೇಳಿಲ್ಲ ಅಂತ ತಲಿ ಅಲ್ಲಾಡಿಸಿದ್ರು. ಎದ್ದ ಕುಣದ ತೋರಿಸ್ದೆ. "ದೀಪ ಆರೋ ಮೊದಲ ಹಿಂಗ ಉರೀತದ" ಅಂದ್ಳು ಮುದುಕಿ.

ಇಷ್ಟರಾಗ ಸುದ್ದಿ ಕೇಳಿ ಮಾಸ್ತರ ಬಂದ. ಬರಿಗೈಲೆ ಬರ್ಲಿಲ್ಲ. ರೋಗಿಗೆ ಹಗರ ಇರಲಿ ಅಂತ ಡಬರಿ ತುಂಬ ಕುರ್ಮಾ ತಂದಿದ್ದ. ನನ್ನ ನೋಡಾಕ ಬಂದ ಮಂದಿ ಸಾಲ ಹಿಡದ ಕುಂತು ಅದನ್ನ ಉಂಡ್ರು. ಎಲ್ಲಾರೂ ಭೇಷ್ ಅಂದ್ರು. ವಿಭೂತಿ ಮುದುಕಿ ಎರಡ ಸಲ ಹಾಕಿಸ್ಕೊಂಡ್ಳು. ಇಷ್ಟ ಛಲೋ ಕುರ್ಮಾ ಕೊಡೋ ಮಾಸ್ತರ ಬಾಜು ಇದ್ದೂ ಇವ ಹ್ಯಾಂಗ ಬ್ಯಾನಿ ಬಿದ್ದ ಅಂತ ಕೇಳಿದ್ಳು. ನನ್ನ ಖರೇ ಬ್ಯಾನಿನ ಆ ಕುರ್ಮಾ ಆಗಿತ್ತು.

ನನ್ನ ಕೈ, ಅವನ ಡಬರಿ

ಇಷ್ಟೆಲ್ಲಾ ಆದ ಮ್ಯಾಲ ನಂಗೊಂದ ವಿಚಾರ ಬಂತು. ತಪ್ಪ ನನ್ನ ಕುರ್ಮಾದಾಗ ಇಲ್ಲ, ನನ್ನ ಹೆಸರಿನ್ಯಾಗ ಅದ. ನಾ ಮಾಡೇನಿ ಅಂತ ಗೊತ್ತಾದ ಕೂಡ್ಲೆ ಇಕಿ ನಾಲಗಿ ಸೆಟದ ನಿಲ್ತದ. ನಾ ಮಾಡಿದ್ದು ಅಂತ ಗೊತ್ತಾಗಲಾರದಂಗ ಉಣಿಸಿ ನೋಡಬೇಕು.

ದೇವರು ದಾರಿ ಮಾಡಿದ. ಮಾಸ್ತರ ಒಂದಿನ ಮುಂಜಾನಿ ಹೆಣ್ತಿ ಕರಕೊಂಡು ಆಳಂದಕ್ಕ ತನ್ನ ಮಗಳ ಮನಿಗೆ ಹೋದ. ಹೋಗೂದ ನಾ ನೋಡ್ದೆ, ನಮ್ಮಾಕಿ ನೋಡ್ಲಿಲ್ಲ. ಅವನ ಡಬರಿ ನಮ್ಮ ಮನ್ಯಾಗ ಇತ್ತು. ನಮ್ಮಾಕಿ ಜ್ವಾಳ ಬೀಸಿಸಾಕ ಗಿರಣಿಗೆ ಹೋದ್ಳು. ಅಲ್ಲಿ ಪಾಳಿ ಹಚ್ಚಬೇಕು, ಮಾತಾಡಬೇಕು, ಲಗೂ ಬರಾಕಿ ಅಲ್ಲ.

ನಾ ಕುರ್ಮಾ ಮಾಡಾಕ ನಿಂತೆ. ಏನ್ ಹೇಳ್ಲಿ ನಿಮಗ. ಬಟಾಟಿ ಬೆಣ್ಣಿಯಂಗ ಬೆಂದ್ವು. ಕೆನಿ ಹಾಕಿದ ಕೂಡ್ಲೆ ಹೊರಟ ವಾಸನಿಗೆ ಬಸ್ ಸ್ಟ್ಯಾಂಡಿನ್ಯಾಗ ಸೊಲ್ಲಾಪುರಕ್ಕ ಹೊಂಟಿದ್ದ ಬಸ್ ಹೊಳ್ಳಿ ನಮ್ಮ ಓಣಿ ಕಡಿ ಬಂತು ಅಂತಾರ, ನಾ ನೋಡಿಲ್ಲ, ಮಂದಿ ಹೇಳಿದ್ದು. ಎಲ್ಲಾ ಡಬರಿಗೆ ಹಾಕಿ, ಗ್ವಾಡಿ ಮ್ಯಾಲ ಇಟ್ಟು, ಒಲಿ ಒರಸಿ, ಪೇಪರ್ ಹಿಡದ ಕುಂತೆ.

ಆಕಿ ಬಂದ್ಳು. ಗ್ವಾಡಿ ನೋಡಿದ್ಳು. ಮಾಸ್ತರು ಕಳಿಸ್ಯಾರೇನ್ರಿ ಅಂತ ಕೇಳಿದ್ಳು. ನಾ ಪೇಪರಿನ ಹಿಂದಿಂದ ಊಂ ಅಂದೆ. ಊಟಕ್ಕ ಕುಂತ್ಳು. ಒಂದ ತುತ್ತ ಹೋತು. ಪೇಪರಿಗೆ ಬೆರಳಲೆ ಒಂದ ತೂತ ಮಾಡ್ಕೊಂಡಿದ್ದೆ, ಅದರಾಗಿಂದ ನೋಡಾಕತ್ತೆ. ಆಕಿ ಕಣ್ಣ ಮುಚ್ಚಿದ್ಳು. ಕಸಕಸಿ ಮತ್ತ ಹೆಚ್ಚಾತೇನು ಅಂತ ತೂತಿಗೆ ಕಣ್ಣ ಹಚ್ಚಿದೆ. ಇಲ್ಲ, ಕಣ್ಣ ತಗದ್ಳು. "ಏನ್ರಿ, ಮಾಸ್ತರು ಇಷ್ಟ ದಿನ ಮಾಡಿದ್ದೆಲ್ಲಾ ಒಂದ ಕಡಿ, ಇವತ್ತಿಂದ ಒಂದ ಕಡಿ. ಭಾಳ ಅಂದ್ರ ಭಾಳ ಛಲೋ ಆಗೇದ" ಅಂದ್ಳು.

ನಾ ಎದ್ದ ಕುಣೀಬೇಕಿತ್ತು. ಆದ್ರ ಆ ಮಾತ ಕೇಳಿದ ಕೂಡ್ಲೆ ಹೊಟ್ಟ್ಯಾಗ ಮತ್ತ ಅದ ಉರಿ. ಹೊಗಳಿದ್ದು ನನ್ನ ಅಡಗಿನ, ಹೊಗಳಿಸ್ಕೊಂಡಾವ ಅವ. ಮಾಡಿದಾವ ನಾ ಆಗಿ, ನನ್ನ ಮ್ಯಾಲ ನಂಗ ಹೊಟ್ಟಿಕಿಚ್ಚ ಬಂದದ್ದು ಅವತ್ತ ಒಮ್ಮೆನ. ಹೇಳೇ ಬಿಡಬೇಕು ಅಂದೆ, ಆದ್ರ ಸಾಕ್ಷಿ ಬೇಕಲ್ಲ. ಮಾಸ್ತರನ ಬರಲಿ, ಅವನ ಬಾಯಿಂದನ ಬರಲಿ ಅಂತ ತಡದೆ.

ಸಂಜಿಮುಂದ ಮಾಸ್ತರ ಬಸ್ ಇಳದು, ಕೈಯಾಗ ಚೀಲ ಹಿಡಕೊಂಡು, ಹೆಣ್ತಿನ್ನ ನಡಸ್ಕೊಂತ ಬಂದ. ನಮ್ಮಾಕಿ ಓಡಿ ಗ್ವಾಡಿಗೆ ಹೋದ್ಳು. ಇವತ್ತಿನ ಕುರ್ಮಾದಂಥಾದ್ದು ನನ್ನ ಜಲ್ಮದಾಗ ಉಂಡಿಲ್ಲ ಅಂತ ಹೇಳಿದ್ಳು.

ಮಾಸ್ತರ ಚೀಲ ಕೆಳಗ ಇಟ್ಟ. ಹೆಣ್ತಿ ಮಾರಿ ನೋಡಿದ. "ನಾವು ಮುಂಜಾನಿಂದ ಆಳಂದದಾಗ ಇದ್ದೇವಲ್ರಿ ಭಾಬಿ. ನಾ ಇವತ್ತ ಒಲಿನ ಹಚ್ಚಿಲ್ಲ" ಅಂದ.

ನಾ ಅದಕ್ಕ ಕಾಯಾಕತ್ತಿದ್ದೆ. ಧೋತರ ಎತ್ತಿ ಕಟಗೊಂಡು, ಎದಿ ಉಬ್ಬಿಸಿ, ಅವರಿಬ್ಬರ ನಡುವ ಹೋಗಿ ನಿಂತೆ. "ಮಾಡಿದಾವ ನಾನು" ಅಂದೆ.

ನಮ್ಮಾಕಿ ನನ್ನ ನೋಡಿದ್ಳು. ಡಬರಿ ನೋಡಿದ್ಳು. ಒಳಗ ಹೋಗಿ ಉಳದಿದ್ದ ಕುರ್ಮಾ ತಂದು, ಬೆರಳಲೆ ತೊಗೊಂಡು ನಾಲಗಿ ಮ್ಯಾಲ ಇಟ್ಕೊಂಡ್ಳು. ಎರಡ ಸಲ ಚಪ್ಪರಿಸಿದ್ಳು.

"ಅದಕ್ಕೇ ಉಪ್ಪ ಕಮ್ಮಿ ಅನಸ್ತು" ಅಂದ್ಳು.

ಮಾಸ್ತರಗ ನನ್ನ ಮಾರಿ ನೋಡಿ ಕನಿಕರ ಬಂದಿರಬೇಕು. ಗ್ವಾಡಿ ಆಚಿಂದ ಕೈ ಚಾಚಿ ಒಂದ ಬಟಾಟಿ ತೊಗೊಂಡು ತಿಂದ. ಉಪ್ಪ ಬರೋಬ್ಬರಿ ಅದ್ರಿ ಭಾಬಿ, ನನ್ನಕಿಂತ ಛಲೋ ಮಾಡ್ಯಾರ, ದೇವರಾಣಿ ಅಂದ. ನಂಗ ಅವನ ಕಾಲ ಬೀಳಬೇಕು ಅನಸ್ತು. ಇಷ್ಟ ದಿನ ಇಂಥಾ ಮನಿಷ್ಯಾನ ಮ್ಯಾಲ ಉರದೆನಲ್ಲ ಅಂತ ಕಣ್ಣಾಗ ನೀರೂ ಬಂದ್ವು.

ನಮ್ಮಾಕಿ ಮಾಸ್ತರನ್ನ ಮೆಚ್ಚಿ ನೋಡಿ, ಸೆರಗ ಸರಿ ಮಾಡ್ಕೊಂಡು ಅಂದ್ಳು: "ಮಂದಿ ಮಾಡಿದ್ದನ್ನ ಹಿಂಗ ಬಾಯಿ ತುಂಬ ಹೊಗಳಾಕ ದೊಡ್ಡ ಮನಸ ಬೇಕ್ರಿ ಮಾಸ್ತರ್ರ. ಅದು ನಿಮಗ ಅದ ನೋಡ್ರಿ. ಇರ್ರಿ, ಹೋಳಗಿ ಕೊಡ್ತೇನಿ."